ಅಪ್ಪ ಅಮ್ಮನ್ನ ಅಮೆರಿಕಕ್ಕೆ ಕರ್ಕೊಂಡು ಹೋಗ್ಬೇಕು, ಊರಲ್ಲಿ ಮೊದ್ಲು ಏನೇನು ಮಾಡಿಸ್ಬೇಕು?

ಹೆತ್ತೂರು ಹುಡ್ಗ

ಎಲ್ಲರಿಗೂ ನಮಸ್ಕಾರ. ನಮ್ದು ಸಕಲೇಶಪುರ ತಾಲ್ಲೂಕು, ಹೆತ್ತೂರು ಕಡೆ. ನಾನು ಟೆಕ್ಸಾಸ್‌ನಲ್ಲಿ ಇರೋದು, ಹೋದ ವರ್ಷ ಅಲ್ಲಿ ಸಿಟಿಜನ್‌ಶಿಪ್ ಸಿಕ್ತು, ಈಗ ರಜೆ ಹಾಕಿ ಊರಿಗೆ ಬಂದಿದೀನಿ. ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದವ್ರು, 72 ವರ್ಷ. ಅಮ್ಮಂಗೆ 66. ಸ್ವಲ್ಪ ಕಾಫಿ ತೋಟ ಐತೆ, ನೆರಳಿನ ಮರಕ್ಕೆ ಮೆಣಸು ಹಬ್ಬಿಸಿದ್ದಾರೆ. ತಂಗಿ ಮದ್ವೆಯಾಗಿ ಮೈಸೂರಲ್ಲಿದಾಳೆ. ಈ ಸಲ ಬಂದಾಗ ಅಪ್ಪಂಗೆ ಕೊಟ್ಟಿಗೆ ಮೆಟ್ಲು ಹತ್ತೋಕೂ ಮಂಡಿ ಹಿಡ್ಕೊತಾ ಇತ್ತು, ಸಂಜೆ ಆದ್ಮೇಲೆ ಆನೆ ಭಯಕ್ಕೆ ಇಬ್ರೂ ಬಾಗ್ಲು ಹಾಕ್ಕೊಂಡು ಒಳಗೇ ಕೂತಿರ್ತಾರೆ, ಏನಾದ್ರೂ ಆದ್ರೆ ಹಾಸನಕ್ಕೆ ಕರ್ಕೊಂಡು ಹೋಗೋಕೆ ಪಕ್ಕದ ಮನೆಯವ್ರೇ ಬರ್ಬೇಕು. ನಂಗೆ ಅಲ್ಲಿ ನಿದ್ದೆ ಬರಲ್ಲ. ಇಬ್ರನ್ನೂ ಗ್ರೀನ್ ಕಾರ್ಡ್ ಮೇಲೆ ಪರ್ಮನೆಂಟಾಗಿ ಕರ್ಕೊಂಡು ಹೋಗ್ಬೇಕು ಅಂತ ಮನಸ್ಸಿದೆ. ಅಮ್ಮ ಹೂಂ ಅಂತಾರೆ, ಅಪ್ಪ ಹೂಂ ಅನ್ನಲ್ಲ ಉಹೂಂ ಅನ್ನಲ್ಲ. ಊರಲ್ಲಿರೋವಾಗ್ಲೇ ಯಾವ ಯಾವ ಪೇಪರ್ ಮಾಡಿಸಿಟ್ಕೋಬೇಕು, ತೋಟ ಏನು ಮಾಡ್ಬೇಕು, ಗೊತ್ತಿರೋರು ದಯವಿಟ್ಟು ಹೇಳಿ.

ಕೊಪ್ಪದವ್ಳು

ನಾನು ನನ್ನ ಅಪ್ಪ ಅಮ್ಮ ಇಬ್ರಿಗೂ ಮಾಡಿಸಿದೀನಿ ಮಾರಾಯ್ರೆ, ಹಾಗಾಗಿ ಪೂರ್ತಿ ಬರೀತೀನಿ.

ಸಿಟಿಜನ್ ಆಗಿರೋ ಮಕ್ಕಳಿಗೆ 21 ವರ್ಷ ತುಂಬಿದ್ರೆ ಅಪ್ಪ ಅಮ್ಮಂಗೆ ಅರ್ಜಿ ಹಾಕ್ಬಹುದು, ಗ್ರೀನ್ ಕಾರ್ಡ್ ಮಾತ್ರ ಇರೋ ಮಕ್ಕಳು ಹಾಕೋಕೆ ಆಗಲ್ಲ. ತಂದೆ ತಾಯಿ ಕೆಟಗರಿಗೆ ಐಆರ್-5 ಅಂತಾರೆ. ಇದಕ್ಕೆ ವರ್ಷಕ್ಕೆ ಇಷ್ಟೇ ವೀಸಾ ಅನ್ನೋ ಮಿತಿ ಇಲ್ಲ, ಅಣ್ಣ ತಮ್ಮಂದ್ರ ಕೆಟಗರಿ ಥರ ಹದಿನೈದು ವರ್ಷಕ್ಕಿಂತ ಜಾಸ್ತಿ ಕ್ಯೂ ನಿಲ್ಲೋದಿಲ್ಲ, ಅವ್ರ ಕಡೆ ಪ್ರೋಸೆಸಿಂಗ್‌ಗೆ ಹಿಡಿಯೋ ಟೈಮ್ ಅಷ್ಟೇ. ಆದ್ರೆ ಅಪ್ಪಂಗೊಂದು ಅಮ್ಮಂಗೊಂದು ಐ-130 ಅನ್ನೋ ಅರ್ಜಿ ಬೇರೆ ಬೇರೆ ಹಾಕ್ಬೇಕು. ಅಪ್ಪನ ಫೈಲ್ ಜೊತೆ ಅಮ್ಮ ತಾನಾಗೇ ಬರಲ್ಲ. 2024ರ ಏಪ್ರಿಲ್‌ನಿಂದ ಆನ್‌ಲೈನ್ ಆದ್ರೆ ಒಂದಕ್ಕೆ 625 ಡಾಲರ್, ಪೇಪರ್‌ನಲ್ಲಿ ಹಾಕಿದ್ರೆ 675. ಅದು ಅಪ್ರೂವ್ ಆದ್ಮೇಲೆ ಫೈಲ್ ಎನ್‌ವಿಸಿಗೆ, ಅಂದ್ರೆ ಅವ್ರ ನ್ಯಾಷನಲ್ ವೀಸಾ ಸೆಂಟರ್‌ಗೆ ಹೋಗುತ್ತೆ, ಅಲ್ಲಿ ವೀಸಾ ಫೀಸು 325, ಅಫಿಡವಿಟ್ ಆಫ್ ಸಪೋರ್ಟ್‌ಗೆ 120, ಡಿಎಸ್-260 ಅನ್ನೋ ಆನ್‌ಲೈನ್ ವೀಸಾ ಅರ್ಜಿ ತುಂಬ್ಬೇಕು. ವೀಸಾ ಸಿಕ್ಕಿದ್ಮೇಲೆ ಕಾರ್ಡಿಗೆ ಇನ್ನೊಂದು 235. ಹಾಕೋ ದಿನ ಫೀಸು ಒಂದ್ಸಲ ಸರಿಯಾಗಿ ನೋಡ್ಕೊಳಿ, ಬದಲಾಗ್ತಾ ಇರುತ್ತೆ.

ಅಫಿಡವಿಟ್ ಆಫ್ ಸಪೋರ್ಟ್ ಅಂದ್ರೆ ಐ-864, ಅವ್ರ ಖರ್ಚು ನಾನು ನೋಡ್ಕೋತೀನಿ ಅಂತ ಕೊಡೋ ಪತ್ರ. ಅದನ್ನ ಸುಮ್ನೆ ಸೈನ್ ಹಾಕೋ ಫಾರಂ ಅಂತ ತಿಳ್ಕೋಬೇಡಿ. ನಿಮ್ಮ ಸಂಪಾದನೆ ಬಡತನ ರೇಖೆಯ ಶೇ. 125ರಷ್ಟು ಇದೆ ಅಂತ ತೋರಿಸ್ಬೇಕು, ನೀವು, ಹೆಂಡ್ತಿ, ಒಂದು ಮಗು, ಅಪ್ಪ ಅಮ್ಮ ಅಂತ ಐದು ಜನ ಆದ್ರೆ 2025ರ ಲೆಕ್ಕಕ್ಕೆ ಸುಮಾರು 47,000 ಡಾಲರ್ ಆಗುತ್ತೆ. ಇದು ಕಾನೂನು ಪ್ರಕಾರ ಒಪ್ಪಂದ. ಅವ್ರು ಸಿಟಿಜನ್ ಆಗೋವರೆಗೆ, ಅಥ್ವಾ ಅಲ್ಲಿ ಸುಮಾರು ಹತ್ತು ವರ್ಷದ ಕೆಲಸದ ಲೆಕ್ಕ ಸೇರೋವರೆಗೆ, ಅಥ್ವಾ ಕಾರ್ಡ್ ಬಿಟ್ಟು ದೇಶ ಬಿಟ್ಟು ಬರೋವರೆಗೆ ಜವಾಬ್ದಾರಿ ನಿಮ್ದೇ.

ಇಂಟರ್‌ವ್ಯೂ ನಮ್ಗೆ ಮುಂಬೈಲಿ ಆಯ್ತು. 2025ರ ಜನವರಿಲಿ ಬೆಂಗಳೂರಲ್ಲಿ ಅಮೆರಿಕನ್ ಕಾನ್ಸುಲೇಟ್ ಉದ್ಘಾಟನೆ ಆಯ್ತಲ್ಲ, ಎಲ್ರೂ ಇನ್ಮೇಲೆ ಇಲ್ಲೇ ಅಂತ ಖುಷಿಪಟ್ರು, ಆದ್ರೆ ಶುರುವಲ್ಲಿ ಅಲ್ಲಿ ವೀಸಾ ಕೆಲಸ ಇರ್ಲಿಲ್ಲ. ಮೆಡಿಕಲ್ ಅವ್ರು ಹೇಳಿದ ಆಸ್ಪತ್ರೇಲೇ ಮಾಡಿಸ್ಬೇಕು. ವಯಸ್ಸಾದವ್ರಿಗೆ ಒಂದು ಮಾತು, ಹಿಂದೆ ಯಾವಾಗ್ಲೋ ಟಿಬಿ ಬಂದು ಎದೆ ಎಕ್ಸ್‌ರೇಲಿ ಕಲೆ ಉಳಿದಿದ್ರೆ ಕಫದ ಕಲ್ಚರ್ ಪರೀಕ್ಷೆ ಕೇಳ್ತಾರೆ, ಅದರ ರಿಸಲ್ಟ್ ಬರೋಕೆ ಎಂಟು ವಾರದವರೆಗೂ ಆಗುತ್ತೆ. ನಮ್ಮಪ್ಪಂಗೆ ಹಾಗೇ ಆಯ್ತು. ವಾಪಸ್ ಊರಿಗೆ ಬಂದು ಕಾಯೋದೇ ಆಗ್ಹೋಯ್ತು.

ಆಲೂರು ಗೌಡ

ಅಕ್ಕ ಅಮೆರಿಕದ ಕಡೆದು ಹೇಳಿದ್ರು, ನಾನು ಊರಿನ ಕಡೆದು ಹೇಳ್ತೀನಿ. ನಿಜವಾದ ಒದ್ದಾಟ ಇಲ್ಲೇ ಇರೋದು ಕಣಣ್ಣ.

ವೀಸಾಗೆ ಅಪ್ಪ ಅಮ್ಮನ ಜನನ ದಾಖಲೆ ಕೇಳ್ತಾರೆ. ನಮ್ಮ ಅಪ್ಪ ಅಮ್ಮಂದ್ರ ಕಾಲದಲ್ಲಿ ಮನೇಲಿ ಸೂಲಗಿತ್ತಿ ಕೈಲಿ ಹುಟ್ಟಿದ್ದು, ಜನನ ನೋಂದಣಿ ಅಂತ ಎಲ್ಲಿತ್ತು. ಈಗಿರೋ ನೋಂದಣಿ ಕಾಯ್ದೆ ಬಂದಿದ್ದೇ 1969ರಲ್ಲಿ. ಹಾಗಾಗಿ ಮೊದ್ಲು ತಾಲ್ಲೂಕು ಆಫೀಸಲ್ಲಿ ಹಳೇ ರಿಜಿಸ್ಟರ್ ಹುಡುಕಿಸಿ, ಇಲ್ಲ ಅಂದ್ರೆ ದಾಖಲೆ ಲಭ್ಯವಿಲ್ಲ ಅಂತ ಹಿಂಬರಹ ಬರೆಸ್ಕೊಳಿ, ಅದ್ರ ಮೇಲೆ ರೌಂಡ್ ಸೀಲು, ಅಧಿಕಾರಿ ಹೆಸ್ರು, ಹುದ್ದೆ, ತಾರೀಖು ಎಲ್ಲಾ ಕಾಣೋ ಹಂಗೆ ಇರ್ಲಿ. ಜೊತೆಗೆ ಶಾಲೆ ದಾಖಲಾತಿ ಅಥವಾ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್, ಹುಟ್ಟಿದ್ದು ಕಂಡಿರೋ ಹಿರೀಕರಿಂದ ಅಫಿಡವಿಟ್. ಆ ಹಿರೀಕರು ಇನ್ನೂ ಇದ್ದಾಗ್ಲೇ ಮಾಡಿಸ್ಬೇಕು, ನಮ್ಮ ದೊಡ್ಡತ್ತೆ ಒಬ್ರೇ ಉಳಿದಿದ್ರು, ಅವ್ರ ಕೈಲಿ ನೋಟರಿ ಮುಂದೆ ಹೆಬ್ಬೆಟ್ಟು ಹಾಕಿಸ್ಕೊಂಡು ಬಂದ ಮುಂದಿನ ಮಳೆಗಾಲಕ್ಕೆ ಅವ್ರೂ ಹೋದ್ರು. ಹೊಸದಾಗಿ ತಡವಾದ ನೋಂದಣಿ ಮಾಡಿಸ್ತೀನಿ ಅಂದ್ರೆ ಅದೂ ಆಗುತ್ತೆ, ಹಿಂದೆ ಕೋರ್ಟ್ ಆರ್ಡರ್ ಬೇಕಿತ್ತು, 2023ರ ತಿದ್ದುಪಡಿ ಆದ್ಮೇಲೆ ಉಪವಿಭಾಗದ ಮ್ಯಾಜಿಸ್ಟ್ರೇಟ್ ಮಟ್ಟದಲ್ಲಿ ಆರ್ಡರ್ ಕೊಡ್ತಾರೆ.

ಆಮೇಲೆ ಹೆಸ್ರು. ಅಪ್ಪನ ಹೆಸ್ರು ಪಹಣೀಲಿ ಒಂದು ಥರ, ಆಧಾರಲ್ಲಿ ಇನ್ನೊಂದು, ಪಿಂಚಣಿ ಪುಸ್ತಕದಲ್ಲಿ ಇನಿಷಿಯಲ್ಲು, ನಿಮ್ಮ ಬರ್ತ್ ಸರ್ಟಿಫಿಕೇಟಲ್ಲಿ ಗೌಡ ಸೇರಿರುತ್ತೆ. ಎಲ್ಲಾ ಒಂದೇ ಮನುಷ್ಯ ಅಂತ ನಮ್ಗೆ ಗೊತ್ತು, ಅಲ್ಲಿ ಕೂತಿರೋ ಆಫೀಸರ್‌ಗೆ ಗೊತ್ತಾಗಲ್ಲ. ಪಾಸ್‌ಪೋರ್ಟಲ್ಲಿ ಸರ್‌ನೇಮ್ ಖಾಲಿ ಬಿಟ್ಟಿದ್ರೆ ಮಾತ್ರ ತಡ ಮಾಡ್ಬೇಡಿ, ಮೊದ್ಲು ಅದನ್ನ ಸರಿ ಮಾಡ್ಸಿ. ಖಾಲಿ ಇದ್ರೆ ಅಮೆರಿಕದವ್ರು ವೀಸಾದಲ್ಲಿ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಹಾಕ್ಬಿಡ್ತಾರೆ, ಫಸ್ಟ್ ನೇಮ್ ಅನ್‌ನೋನ್ ಅಂತ, ಅದೇ ಗ್ರೀನ್ ಕಾರ್ಡಿಗೂ ಸೋಷಿಯಲ್ ಸೆಕ್ಯುರಿಟಿಗೂ ಹೋಗುತ್ತೆ, ಬ್ಯಾಂಕು, ಡಾಕ್ಟ್ರ ಆಫೀಸು ಎಲ್ಲಾ ಕಡೆ ಆ ಮೂರಕ್ಷರ ಬೆನ್ನು ಬಿಡಲ್ಲ.

ಅಪ್ಪನ ಅರ್ಜಿಗೆ ನಿಮ್ಮ ಬರ್ತ್ ಸರ್ಟಿಫಿಕೇಟ್ ಜೊತೆ ಅಪ್ಪ ಅಮ್ಮನ ಮದುವೆ ಸರ್ಟಿಫಿಕೇಟೂ ಬೇಕು. ಅಮ್ಮನ ಅರ್ಜಿಗೆ ನಿಮ್ಮ ಬರ್ತ್ ಸರ್ಟಿಫಿಕೇಟಲ್ಲಿ ಅಮ್ಮನ ಹೆಸ್ರು ಸರಿಯಾಗಿದ್ರೆ ಸಾಕು. ಎಷ್ಟೋ ಹಳೇ ಮದುವೆ ನೋಂದಣಿನೇ ಆಗಿರಲ್ಲ, ಈಗ್ಲೂ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಮಾಡಿಸ್ಬಹುದು.

ಹೆತ್ತೂರು ಹುಡ್ಗ

ತುಂಬಾ ಥ್ಯಾಂಕ್ಸ್ ಅಕ್ಕ, ಗೌಡ್ರೆ. ಅಪ್ಪನ ಪಾಸ್‌ಪೋರ್ಟ್ ಈಗ ತೆಗೆದು ನೋಡ್ದೆ, ಸರ್‌ನೇಮ್ ಖಾಲಿನೇ ಐತೆ, ಇದು ಗೊತ್ತಾಗಿದ್ದೇ ದೊಡ್ಡ ಉಪಕಾರ.

ಇನ್ನೊಂದು ಕೇಳ್ಬೇಕಿತ್ತು. ಅಪ್ಪ ನಿನ್ನೆ ಮೊದಲನೇ ಸಲ ಬಾಯಿ ಬಿಟ್ಟು ಒಂದು ಮಾತು ಹೇಳಿದ್ರು, ಹೋಗೋದೇ ಆದ್ರೆ ತೋಟ ನಿನ್ನ ಹೆಸ್ರಿಗೆ ದಾನಪತ್ರ ಮಾಡಿ ಹೋಗ್ತೀನಿ, ಆಮೇಲೆ ನೀನುಂಟು ತೋಟ ಉಂಟು ಅಂತ. ನಂಗೆ ಒಸಿಐ ಕಾರ್ಡ್ ಐತೆ, ಬೇರೆ ದೇಶದ ಪ್ರಜೆ ಆಗಿರೋ ಭಾರತೀಯ ಮೂಲದವ್ರಿಗೆ ಕೊಡೋದು. ಹಾಗೆ ಮಾಡ್ಕೊಂಡ್ರೆ ಏನಾದ್ರೂ ತೊಂದ್ರೆ ಉಂಟಾ?

ಹಾಸನ ಕೋರ್ಟ್ ರಸ್ತೆ

ನಾನು ವಕೀಲ, ಹಾಸನದಲ್ಲೇ ಪ್ರಾಕ್ಟೀಸ್. ದಾನಪತ್ರ ಮಾಡಿಸ್ಬೇಡಿ. ಫೆಮಾ, ಅಂದ್ರೆ ವಿದೇಶಿ ವಿನಿಮಯ ಕಾಯ್ದೆಯ ನಿಯಮದ ಪ್ರಕಾರ ಎನ್‌ಆರ್‌ಐ ಆಗ್ಲಿ ಒಸಿಐ ಆಗ್ಲಿ ಕೃಷಿ ಜಮೀನು, ಪ್ಲಾಂಟೇಶನ್, ಫಾರ್ಮ್‌ಹೌಸ್ ಈ ಮೂರನ್ನ ಕೊಂಡುಕೊಳ್ಳೋಕೂ ಬರಲ್ಲ, ದಾನವಾಗಿ ತಗೊಳ್ಳೋಕೂ ಬರಲ್ಲ, ಸ್ವಂತ ಅಪ್ಪನೇ ಕೊಟ್ರೂ ಅಷ್ಟೇ. ಹಾಸನ ಪೇಟೇಲಿ ಸೈಟೋ ಮನೆನೋ ಆದ್ರೆ ಅಡ್ಡಿ ಇಲ್ಲ. ಕಾಫಿ ತೋಟಕ್ಕೆ ಇದೆ. 2020ರಲ್ಲಿ ರಾಜ್ಯದ ಭೂಸುಧಾರಣೆ ಕಾಯ್ದೆಯ 79ಎ, 79ಬಿ ತೆಗೆದ್ರಲ್ಲ ಈಗ ಯಾರು ಬೇಕಾದ್ರೂ ತಗೋಬಹುದು ಅಂತ ಜನ ವಾದ ಮಾಡ್ತಾರೆ, ಅದು ಕೃಷಿಕರಲ್ಲದವರ ವಿಷ್ಯ, ಫೆಮಾ ಕೇಂದ್ರದ ಕಾನೂನು, ಅದು ಹಾಗೇ ಇದೆ. ನೋಂದಣಿ ಆಗಿಹೋಯ್ತು ಅಂದಮಾತ್ರಕ್ಕೆ ಸರಿಹೋಯ್ತು ಅಂತಲ್ಲ, ಮುಂದೆ ಮಾರೋವಾಗ, ಬ್ಯಾಂಕಿಗೆ ಹೋದಾಗ ಇದು ಎದ್ದು ಕೂರುತ್ತೆ.

ಆದ್ರೆ ಉತ್ತರಾಧಿಕಾರವಾಗಿ ಬಂದ್ರೆ ಒಸಿಐ ಇದ್ರೂ ತೋಟ ನಿಮ್ಮ ಹೆಸ್ರಿಗೆ ಬರ್ಬಹುದು, ಪೌತಿ ಖಾತೆ (ತೀರ್ಕೊಂಡವ್ರ ಹೆಸ್ರಿಂದ ವಾರಸುದಾರರ ಹೆಸ್ರಿಗೆ ಖಾತೆ) ಮಾಡಿಸ್ಕೊಂಡು ಇಟ್ಕೋಬಹುದು. ಆಮೇಲೆ ಮಾರ್ಬೇಕು ಅಂದ್ರೆ ಇಲ್ಲೇ ವಾಸ ಇರೋ ಭಾರತೀಯ ಪ್ರಜೆಗೆ ಮಾರ್ಬೇಕು. ಅದಕ್ಕೇ ಅಪ್ಪಂಗೆ ಹೇಳಿ, ಒಂದು ವಿಲ್ ಬರೆದು ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ರಿಜಿಸ್ಟರ್ ಮಾಡಿಸ್ಲಿ. ರಿಜಿಸ್ಟ್ರೇಶನ್ ಕಡ್ಡಾಯ ಅಲ್ಲ, ಆದ್ರೂ ಮಾಡಿಸಿ. ಸ್ವಯಾರ್ಜಿತನಾ ಪಿತ್ರಾರ್ಜಿತನಾ ಅನ್ನೋದು ಮೊದ್ಲು ಪತ್ರ ತೆಗೆದು ನೋಡ್ಬೇಕು, ಪಿತ್ರಾರ್ಜಿತ ಆದ್ರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪ್ರಕಾರ ನಿಮ್ಮ ತಂಗಿಗೂ ನಿಮ್ಮಷ್ಟೇ ಹಕ್ಕು, ಅಪ್ಪ ತಮ್ಮ ಪಾಲಿಗೆ ಮಾತ್ರ ವಿಲ್ ಬರೀಬಹುದು. ತಂಗಿಯನ್ನ ಕೂರಿಸ್ಕೊಂಡು ಮಾತಾಡಿ, ಈಗ್ಲೇ. ಅಣ್ಣ ವಿದೇಶದಲ್ಲಿ, ಅಪ್ಪ ಅಮ್ಮನೂ ವಿದೇಶಕ್ಕೆ ಹೋದ್ರು, ತಂಗಿಗೆ ಒಂದು ಮಾತೂ ಹೇಳ್ಲಿಲ್ಲ ಅನ್ನೋ ಮನೆಗಳ ದಾವೆಗಳು ನನ್ನ ಟೇಬಲ್ ಮೇಲೇ ಇವೆ.

ತೋಟ ನೋಡ್ಕೊಳ್ಳೋಕೆ ಯಾರಿಗಾದ್ರೂ ಜಿಪಿಎ, ಅಂದ್ರೆ ಅಧಿಕಾರ ಪತ್ರ ಕೊಡೋದಾದ್ರೆ ನಿರ್ವಹಣೆಗೆ ಮಾತ್ರ ಅಂತ ಸ್ಪಷ್ಟವಾಗಿ ಬರೆಸಿ, ಮಾರೋ ಅಧಿಕಾರ ಬೇಡ. ಜಿಪಿಎ ಮೇಲೆ ಮಾರಿದ್ರೆ ಮಾಲೀಕತ್ವ ಬರಲ್ಲ ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಆದ್ರೂ ತೊಂದರೆ ಮಾಡೋರು ಮಾಡ್ತಾರೆ.

ಮೂಡಿಗೆರೆ ಅಕ್ಕ

ಪೇಪರ್ ಎಲ್ಲಾ ಆಗುತ್ತೆ ತಮ್ಮ. ನಾನು ಬೇರೆ ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ.

ನನ್ನ ತಮ್ಮ ನ್ಯೂಜೆರ್ಸಿಲಿ ಇದ್ದಾನೆ. ಅಪ್ಪ ಅಮ್ಮ ಇಬ್ರಿಗೂ ಗ್ರೀನ್ ಕಾರ್ಡ್ ಮಾಡ್ಸಿ ಕರ್ಕೊಂಡು ಹೋದ. ಅವನ ಪ್ರೀತಿಲಿ ಒಂದು ಚೂರೂ ಕೊರತೆ ಇರ್ಲಿಲ್ಲ, ನನ್ನ ನಾದಿನಿನೂ ಚಿನ್ನದಂಥವಳು. ಆದ್ರೆ ಬೆಳಿಗ್ಗೆ ಎಂಟಕ್ಕೆ ಎಲ್ರೂ ಮನೆ ಬಿಟ್ರೆ ಸಂಜೆವರೆಗೂ ಇವ್ರಿಬ್ರೇ. ಅಪ್ಪಂಗೆ ಇಲ್ಲಿ ಮಳೆ ಲೆಕ್ಕದ ಪುಸ್ತಕ ಇತ್ತು, ನಮ್ಮ ಕಡೆ ತೋಟದವ್ರಿಗೆ ಗೊತ್ತಿರುತ್ತೆ, ದಿನಾ ಬೆಳಿಗ್ಗೆ ಅಂಗಳದ ಮಳೆಮಾಪಕ ನೋಡಿ ಇಷ್ಟು ಇಂಚು ಇಷ್ಟು ಸೆಂಟು (ಇಂಚಿನ ನೂರನೇ ಒಂದು ಭಾಗ) ಅಂತ ಬರೆದಿಡೋದು. ಅಲ್ಲಿಂದ ದಿನಾ ಫೋನು ನಂಗೆ. ಹೇಗಿದ್ದೀಯ ಮಗಾ ಅಂತ ಕೇಳೋಕೂ ಮೊದ್ಲು "ನಿನ್ನೆ ಎಷ್ಟು ಸೆಂಟು ಬಂತು" ಅಂತ. ಮಾರ್ಚಲ್ಲಿ ಹೂ ಮಳೆ, ಕಾಫಿ ಹೂ ಬಿಡೋಕೆ ಬೇಕಾದ ಮಳೆ, ಬರ್ಲಿಲ್ಲ ಅಂದ್ರೆ ಅಲ್ಲಿ ಕೂತು ಊಟ ಬಿಡೋರು. ಸ್ಪ್ರಿಂಕ್ಲರ್ ಹಾಕಿಸಿದ್ಯಾ, ಯಾವ ಬ್ಲಾಕಿಗೆ ಹಾಕಿಸಿದೆ, ಮೋಟ್ರು ಸುಟ್ಟಿಲ್ವಾ ಅಂತ. ತೋಟದ ಲೆಕ್ಕ ಬರೆಯೋ ರೈಟರ್ ಸರಿಯಾಗಿ ಲೆಕ್ಕ ಕೊಡ್ತಾನಾ ಅಂತ ನನ್ನ ಗಂಡನ್ನ ಕೇಳೋರು. ದೇಹ ಅಲ್ಲಿ, ಮನಸ್ಸು ಇಲ್ಲಿ.

ಅಮ್ಮ ಮೊಮ್ಮಗಳ ಜೊತೆ ಹೊಂದ್ಕೊಂಡ್ರು, ಚಳಿಗೂ ಹೊಂದ್ಕೊಂಡ್ರು. ಅಪ್ಪ ಆಗ್ಲಿಲ್ಲ. ಕೊಯ್ಲಿಗೆ ಬಂದ್ರು, ಅರೇಬಿಕಾ ಮುಗಿದು ರೊಬಸ್ಟಾನೂ ಮುಗಿಸ್ಕೊಂಡೇ ಹೋಗ್ತೀನಿ ಅಂತ ಕೂತ್ರು, ಆರು ತಿಂಗಳು ದಾಟ್ತು. ವಾಪಸ್ ಅಲ್ಲಿಗೆ ಹೋದಾಗ ಏರ್‌ಪೋರ್ಟಲ್ಲಿ ಬಹಳ ಹೊತ್ತು ನಿಲ್ಲಿಸಿ ಪ್ರಶ್ನೆ ಕೇಳಿದ್ರಂತೆ. ಗ್ರೀನ್ ಕಾರ್ಡ್ ಅಂದ್ರೆ ಅಲ್ಲಿ ವಾಸ ಇರೋಕೆ ಕೊಡೋದು, ಹೋಗಿ ಬಂದು ಮಾಡೋಕಲ್ಲ. ಒಂದು ವರ್ಷಕ್ಕಿಂತ ಜಾಸ್ತಿ ಹೊರಗೆ ಇರೋದಾದ್ರೆ ಅಲ್ಲಿಂದ ಹೊರಡೋ ಮುಂಚೆನೇ ರೀ-ಎಂಟ್ರಿ ಪರ್ಮಿಟ್‌ಗೆ ಅರ್ಜಿ ಹಾಕ್ಬೇಕು, ಅದೂ ಸಾಮಾನ್ಯವಾಗಿ ಎರಡು ವರ್ಷಕ್ಕೆ. ಕೊನೆಗೆ ಅಪ್ಪ ಕಾರ್ಡ್ ವಾಪಸ್ ಕೊಟ್ಟು ಊರಿಗೆ ಬಂದ್ರು. ಅಮ್ಮ ಅವ್ರ ಹಿಂದೆ ಬಂದ್ರು, ಮೊಮ್ಮಗಳನ್ನ ಬಿಟ್ಟು ಬಂದ ಸಂಕಟ ಅಮ್ಮಂಗೆ ಇವತ್ತಿಗೂ ಇದೆ.

ನಿಮ್ಮಪ್ಪ ಹೂಂ ಅನ್ನಲ್ಲ ಉಹೂಂ ಅನ್ನಲ್ಲ ಅಂತ ಬರೆದಿದೀಯಲ್ಲ, ಅದು ಉಹೂಂ. ನಮ್ಮ ಕಡೆ ಗಂಡಸ್ರು ಮಗಂಗೆ ಬೇಡ ಅಂತ ಬಾಯಿಬಿಟ್ಟು ಹೇಳಲ್ಲ.

ಬೇಲೂರು ಬ್ರಾಂಪ್ಟನ್

ಕೆನಡಾದಲ್ಲಿ ಇರೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ. ಇಲ್ಲಿ ಅಪ್ಪ ಅಮ್ಮನ್ನ ಪಿಆರ್‌ಗೆ, ಅಂದ್ರೆ ಕಾಯಂ ವಾಸಕ್ಕೆ ಸ್ಪಾನ್ಸರ್ ಮಾಡೋದು ಲಾಟರಿ ಇದ್ದಂಗೆ, 2025ರವರೆಗೂ 2020ರಲ್ಲಿ ಹೆಸ್ರು ಕೊಟ್ಟವ್ರಿಂದಲೇ ಎತ್ತುತ್ತಿದ್ರು. ನಾವು ಅಪ್ಪ ಅಮ್ಮಂದ್ರಿಗೇ ಇರೋ ಸೂಪರ್ ವೀಸಾ ಅನ್ನೋ ವಿಸಿಟರ್ ವೀಸಾ ಮಾಡಿಸಿದ್ದು, ಒಂದ್ಸಲ ಬಂದ್ರೆ ಐದು ವರ್ಷದವರೆಗೂ ಇರ್ಬಹುದು, 1 ಲಕ್ಷ ಕೆನಡಿಯನ್ ಡಾಲರ್ ಕವರ್ ಇರೋ ಮೆಡಿಕಲ್ ಇನ್ಶೂರೆನ್ಸ್ ಇರ್ಲೇಬೇಕು. ನನ್ನ ತಮ್ಮ ಮೆಲ್ಬರ್ನ್‌ನಲ್ಲಿ, ಅಲ್ಲಿ ಕಾಂಟ್ರಿಬ್ಯೂಟರಿ ಪೇರೆಂಟ್ ವೀಸಾಗೆ ಒಬ್ಬೊಬ್ರಿಗೂ 40,000 ಆಸ್ಟ್ರೇಲಿಯನ್ ಡಾಲರ್‌ಗೂ ಮೇಲೆ ಕಟ್ಬೇಕು, ಅದೂ ಮಕ್ಕಳಲ್ಲಿ ಅರ್ಧದಷ್ಟಾದ್ರೂ ಅಲ್ಲೇ ನೆಲೆಸಿರಬೇಕು ಅಥವಾ ಬೇರೆ ಯಾವ ಒಂದು ದೇಶಕ್ಕಿಂತ ಅಲ್ಲೇ ಜಾಸ್ತಿ ಜನ ಇರ್ಬೇಕು ಅನ್ನೋ ನಿಯಮ. ಅಮೆರಿಕದ ಐಆರ್-5 ಇದಕ್ಕೆಲ್ಲ ಹೋಲಿಸಿದ್ರೆ ಎಷ್ಟೋ ಸಲೀಸು.

ಅರಸೀಕೆರೆ ಜಂಕ್ಷನ್

ವಿಮೆ, ಟ್ಯಾಕ್ಸ್ ದುಡ್ಡಿನ ವಿಷ್ಯ ಯಾರೂ ಬರೆದಿಲ್ಲ, ನಾನು ಬರೀತೀನಿ. ಅಮೆರಿಕದಲ್ಲಿ ಆರೋಗ್ಯ ವಿಮೆ ಇಲ್ಲದೆ ಒಂದು ದಿನಾನೂ ಇಡ್ಬೇಡಿ. 65 ದಾಟಿದವ್ರಿಗೆ ಸರ್ಕಾರದ ವಿಮೆ ಮೆಡಿಕೇರ್ ಇದೆಯಲ್ಲ ಅಂತ ಅಂದ್ಕೊಳ್ತಾರೆ, ಹೊಸದಾಗಿ ಬಂದ ಅಪ್ಪ ಅಮ್ಮಂಗೆ ಐದು ವರ್ಷ ಸತತವಾಗಿ ಅಲ್ಲೇ ವಾಸ ಇದ್ದ ಮೇಲೆನೇ ಅದನ್ನ ದುಡ್ಡು ಕೊಟ್ಟು ಕೊಳ್ಳೋಕೆ ಆಗೋದು, 2025ರಲ್ಲಿ ಪಾರ್ಟ್ ಎ (ಆಸ್ಪತ್ರೆ ಖರ್ಚು) ಒಂದಕ್ಕೇ ತಿಂಗಳಿಗೆ 518 ಡಾಲರ್, ಪಾರ್ಟ್ ಬಿಗೆ (ಡಾಕ್ಟ್ರ ಖರ್ಚು) 185, ಅದೂ ಒಬ್ರಿಗೆ. ಕಡಿಮೆ ಆದಾಯದವ್ರ ವಿಮೆ ಮೆಡಿಕೇಯ್ಡ್‌ಗೂ ಸಾಮಾನ್ಯವಾಗಿ ಐದು ವರ್ಷ ತಡೆ. ಅಲ್ಲಿವರೆಗೆ ಸರ್ಕಾರದ ವಿಮಾ ಮಾರ್ಕೆಟ್‌ಪ್ಲೇಸ್‌ನಲ್ಲಿ ಸಿಗೋ ಖಾಸಗಿ ಪ್ಲಾನ್ ತಗೋಬೇಕು, ಬಂದು ಇಳಿದ ಮೇಲೆ 60 ದಿನದ ಒಳಗೆ ಸೇರ್ಕೊಳಿ, ಅದು ತಪ್ಪಿದ್ರೆ ವರ್ಷದ ಓಪನ್ ಎನ್‌ರೋಲ್‌ಮೆಂಟ್‌ವರೆಗೆ ಕಾಯ್ಬೇಕು. ವಯಸ್ಸಾದವ್ರಿಗೆ ಚಿಕ್ಕ ವಯಸ್ಸಿನವ್ರಿಗಿಂತ ಮೂರು ಪಟ್ಟುವರೆಗೂ ಪ್ರೀಮಿಯಂ ಹಾಕ್ಬಹುದು.

ಟ್ಯಾಕ್ಸೂ ಇದೆ. ಗ್ರೀನ್ ಕಾರ್ಡ್ ಬಂದ ಮೇಲೆ ಜಗತ್ತಿನ ಎಲ್ಲಿ ಬಂದ ಆದಾಯನೂ ಅಮೆರಿಕಕ್ಕೆ ತೋರಿಸ್ಬೇಕು. ಹಸಿ ಕಾಫಿನೋ ಚೆರಿನೋ ಕ್ಯೂರಿಂಗ್ (ಸಿಪ್ಪೆ ತೆಗೆದು ಸಂಸ್ಕರಣೆ) ಮಾಡದೆ ಮಾರಿದ್ರೆ ಇಲ್ಲಿ ಆದಾಯ ತೆರಿಗೆ ಇಲ್ಲ, ಕೃಷಿ ಆದಾಯ ಅಂತ, ಅಲ್ಲಿ ಅವ್ರಿಗೆ ಆ ವಿನಾಯ್ತಿ ಲೆಕ್ಕಕ್ಕಿಲ್ಲ. ಹಾಸನದ ಬ್ಯಾಂಕಲ್ಲಿರೋ ಎಫ್‌ಡಿ, ಎಸ್‌ಬಿ ಎಲ್ಲಾ ಸೇರಿ ವರ್ಷದಲ್ಲಿ ಯಾವತ್ತಾದ್ರೂ 10,000 ಡಾಲರ್ ದಾಟಿದ್ರೆ ಎಫ್‌ಬಾರ್, ಅಂದ್ರೆ ಹೊರದೇಶದ ಬ್ಯಾಂಕ್ ಖಾತೆಗಳ ವರದಿ, ಫೈಲ್ ಮಾಡ್ಬೇಕು. ರಿಟೈರ್ ಆದ ಮೇಷ್ಟ್ರ ಎಫ್‌ಡಿನೇ ಅಷ್ಟಿರುತ್ತೆ. ಇಲ್ಲಿನ ಬ್ಯಾಂಕಿಗೂ ತಿಳಿಸಿ ಅಕೌಂಟ್ ಎನ್‌ಆರ್‌ಒ (ವಿದೇಶದಲ್ಲಿ ವಾಸ ಇರೋರ ಖಾತೆ) ಮಾಡಿಸ್ಬೇಕು.

ನಿವೃತ್ತ ಮೇಷ್ಟ್ರು, ಹಾಸನ

ನಾನು ಇಲ್ಲಿ ಬರೆಯೋದು ಕಡಿಮೆ, ಮೊಮ್ಮಗ ಟೈಪ್ ಮಾಡೋದು ಹೇಳ್ಕೊಟ್ಟಿದ್ದಾನೆ. ಎಲ್ಲರೂ ಮಕ್ಕಳ ಕಡೆಯಿಂದ ಬರೆದಿದ್ದೀರಿ, ನಾನು ಅಪ್ಪನ ಕಡೆಯಿಂದ ಬರೀತೀನಿ.

ಮೂಡಿಗೆರೆ ಮಗಳು ಬರೆದಿದ್ದು ಸತ್ಯ, ಆದ್ರೆ ಎಲ್ಲರ ಸತ್ಯ ಅಲ್ಲ. ನನ್ನ ಹೆಂಡತಿ ತೀರ್ಕೊಂಡ ಮೇಲೆ ಮಗ ಕರೆದ, ಹೋದೆ. ಇಲ್ಲಿ ಪೆನ್ಷನ್ ಮೊಹಲ್ಲಾ ಮನೇಲಿ ಒಬ್ನೇ ಕೂತು ಗೋಡೆ ನೋಡೋದಕ್ಕಿಂತ ಅಲ್ಲಿ ಮೊಮ್ಮಕ್ಕಳಿಗೆ ಕನ್ನಡ ಓದಿಸೋದು ನಂಗೆ ಬದುಕು ಅನ್ನಿಸ್ತು. ಮನೆ ಹತ್ರದ ಲೈಬ್ರರಿಗೆ ನಡ್ಕೊಂಡು ಹೋಗ್ತಿದ್ದೆ, ವಾರಕ್ಕೊಮ್ಮೆ ಕನ್ನಡ ಕೂಟದ ಹಿರಿಯರು ಸೇರ್ತಿದ್ವಿ. ಈಗ ಹಾಸನಾಂಬ ಬಾಗಿಲು ತೆಗೆದಾಗ ದರ್ಶನಕ್ಕೆ ಅಂತ ಬಂದಿದ್ದೀನಿ, ಇನ್ನು ಸ್ವಲ್ಪ ದಿನಕ್ಕೆ ವಾಪಸ್ ಹೋಗ್ತೀನಿ. ನಡೆಯೋಕಾಗೋ ಜಾಗದಲ್ಲಿ ಮನೆ ಇರ್ಬೇಕು, ಇದೊಂದನ್ನ ಮಕ್ಕಳು ಗಮನಿಸಿ. ಕಾರ್ ಓಡಿಸೋಕೆ ಬರದ ಮುದುಕ್ರಿಗೆ ಅಲ್ಲಿ ಕಾಲೇ ಇಲ್ಲದಂಗೆ.

ಪಿಂಚಣಿ ನಿಲ್ಲಲ್ಲ, ಹೆದರ್ಬೇಡಿ. ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡ್ಬೇಕಲ್ಲ, ಅದನ್ನ ಅಲ್ಲಿನ ಭಾರತೀಯ ಕಾನ್ಸುಲೇಟಲ್ಲಿ ಮಾಡಿಸ್ಕೊಂಡು ಕಳಿಸ್ಬಹುದು. ನಿಮ್ಮ ತಂದೆಯವ್ರು ನಮ್ಮ ವೃತ್ತಿಯವ್ರು ಅಂತ ಹೇಳ್ತೀನಿ, ಅವ್ರಿಗೆ ಒಂದು ಪ್ರಶ್ನೆ ಕೇಳಿ, ಬರ್ತೀರಾ ಅಂತಲ್ಲ, ವರ್ಷದಲ್ಲಿ ಯಾವ ತಿಂಗಳು ಎಲ್ಲಿರೋಕೆ ಇಷ್ಟ ಅಂತ.

ಹೆತ್ತೂರು ಹುಡ್ಗ

ಮೇಷ್ಟ್ರೆ, ನೀವು ಹೇಳಿದ ಹಾಗೇ ಕೇಳ್ದೆ. ಅಪ್ಪ ತಡ ಮಾಡದೆ ಹೇಳಿದ್ರು, ನವೆಂಬರ್‌ನಿಂದ ಮಾರ್ಚ್‌ವರೆಗೆ ಕೊಯ್ಲು, ಕಣ, ಮೆಣಸು, ಹೂ ಮಳೆ, ಆವಾಗ ಇಲ್ಲಿರ್ಬೇಕು. ಮಳೆಗಾಲದಲ್ಲಿ ಎಲ್ಲಾದ್ರೂ ಕರ್ಕೊಂಡು ಹೋಗು, ಆ ಶೀತ ಈ ಮಂಡಿಗೆ ಆಗಲ್ಲ ಅಂತ. ಅಮ್ಮ ಪಕ್ಕದಲ್ಲಿ ಅಕ್ಕಿ ರೊಟ್ಟಿ ತಟ್ತಾ ಇದ್ದವ್ರು, ಇದನ್ನ ಮೊದ್ಲೇ ಹೇಳ್ಬಾರ್ದಿತ್ತಾ ಅಂತ ಅಪ್ಪನ ಮೇಲೆ ರೇಗಿದ್ರು.

ಹಾಗಾಗಿ ಈಗ ಐ-130 ಹಾಕಲ್ಲ. ಇಬ್ರಿಗೂ ವಿಸಿಟರ್ ವೀಸಾ ಮಾಡಿಸ್ತೀನಿ, ಸಿಕ್ಕಿದ್ರೆ ಏಪ್ರಿಲ್ ಮಧ್ಯದಲ್ಲಿ ಬಂದು ಅಕ್ಟೋಬರ್ ಶುರುವಲ್ಲಿ ವಾಪಸ್. ಆದ್ರೆ ಪೇಪರ್ ಎಲ್ಲಾ ಈ ರಜೇಲೇ ಮಾಡಿಸಿಡ್ತೀನಿ, ಪಾಸ್‌ಪೋರ್ಟ್ ಸರ್‌ನೇಮ್, ಹಿಂಬರಹ, ಮದುವೆ ನೋಂದಣಿ, ವಿಲ್. ತಂಗಿ ಭಾನುವಾರ ಬರ್ತಾಳೆ, ತೋಟದ ಪತ್ರ ಎಲ್ಲಾ ತೆಗೆದಿಟ್ಟಿದೀವಿ. ಮುಂದೆ ಇಬ್ರಲ್ಲಿ ಒಬ್ರೇ ಆದ್ರೂ, ಆರೋಗ್ಯ ಕೈಕೊಟ್ರೂ, ಅವತ್ತೇ ಅರ್ಜಿ ಹಾಕೋ ಹಾಗಿರ್ಬೇಕು ಅಂತ.

ಕೊಪ್ಪದವ್ಳು

ಒಳ್ಳೇದಾಯ್ತು. ಎರಡು ವಿಷ್ಯ ನೆನಪಿಟ್ಕೊಳಿ. ಒಂದ್ಸಲ ಹೋದ್ರೆ ಎಷ್ಟು ದಿನ ಇರ್ಬಹುದು ಅನ್ನೋದು ವೀಸಾ ಮೇಲಿರೋ ತಾರೀಖಲ್ಲ, ಇಳಿದಾಗ ಕೊಡೋ ಐ-94 ಅನ್ನೋ ಪ್ರವೇಶ ದಾಖಲೆಯಲ್ಲಿರೋ ತಾರೀಖು, ಸಾಮಾನ್ಯವಾಗಿ ಆರು ತಿಂಗಳು. ಮತ್ತೆ, ಹೇಗೂ ಬಂದಾಯ್ತು ಇಲ್ಲೇ ಉಳಿಸ್ಕೊಳ್ಳೋಣ ಅಂತ ಮೊದ್ಲೇ ಯೋಚ್ನೆ ಮಾಡ್ಕೊಂಡು ವಿಸಿಟರ್ ವೀಸಾದಲ್ಲಿ ಕರ್ಕೊಂಡು ಬರ್ಬೇಡಿ, ಅದು ಸುಳ್ಳು ಹೇಳಿ ಒಳಗೆ ಬಂದ ಹಾಗೆ. ಮುಂದೆ ಐ-130 ಹಾಕಿದ್ರೆ ಆಮೇಲಿನ ವಿಸಿಟರ್ ಅರ್ಜೀಲಿ ಅದನ್ನ ಕೇಳೋ ಪ್ರಶ್ನೆ ಇದೆ, ಇದ್ದದ್ದು ಇದ್ದಂಗೆ ಬರೀರಿ.

ಹಾಸನ ಕೋರ್ಟ್ ರಸ್ತೆ

ಮದುವೆ ನೋಂದಣಿಗೆ ಅಪ್ಪ ಅಮ್ಮ ಇಬ್ರೂ ಸಾಕ್ಷಿಗಳ ಜೊತೆ ಬರ್ಬೇಕು. ಲಗ್ನಪತ್ರಿಕೆ, ಮದುವೆ ಫೋಟೊ ಏನಾದ್ರೂ ಉಳಿದಿದ್ರೆ ತನ್ನಿ. ಅರ್ಜೀಲಿ ಹೆಸ್ರು ಹೊಸ ಪಾಸ್‌ಪೋರ್ಟ್‌ನಲ್ಲಿ ಬರೋ ಹಾಗೇ ಬರೆಸಿ, ಹಾಗಾಗಿ ಮೊದ್ಲು ಪಾಸ್‌ಪೋರ್ಟ್, ಆಮೇಲೆ ಇದು. ಭಾನುವಾರ ತಂಗಿ ಬಂದು ಹೋದ ಮೇಲೆ ತೋಟದ ಮೂಲಪತ್ರ, ಪಹಣಿ, ಮ್ಯುಟೇಶನ್ ಪ್ರತಿ ತಗೊಂಡು ಅಪ್ಪನ ಜೊತೆ ಬನ್ನಿ.

ಹೆತ್ತೂರು ಹುಡ್ಗ

ಆಯ್ತು ಸಾರ್, ಬರ್ತೀವಿ. ಲಗ್ನಪತ್ರಿಕೆ ಅಮ್ಮನ ಟ್ರಂಕಲ್ಲಿ ಸಿಕ್ತು.